ಒಂಬತ್ತು ವರ್ಷದ ಮೇಲೆ ಮತ್ತೆ ವಾರ್ಡಿಗೆ ಹೋಗ್ತಿದ್ದೇನೆ, ಎಲ್ಲಿಂದ ಶುರು ಮಾಡಲಿ?

ತುಂಗಾತೀರ · ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನನಗೀಗ 41 ವರ್ಷ. 2007ರಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಸರ್ಜಿಕಲ್ ವಾರ್ಡಿನಲ್ಲಿ ಐದು ವರ್ಷ, ಐಸಿಯುನಲ್ಲಿ ನಾಲ್ಕು ವರ್ಷ ಇದ್ದೆ. 2016ರಲ್ಲಿ ಎರಡನೇ ಮಗು ಹುಟ್ಟಿದಾಗ ಕೆಲಸ ಬಿಟ್ಟೆ. ಮಧ್ಯೆ ಐದು ವರ್ಷ ಬೆಂಗಳೂರಿನಲ್ಲಿ ಆರೋಗ್ಯ ವಿಮೆಯ ಕ್ಲೇಮ್ ನೋಡುವ ಕಚೇರಿಯಲ್ಲಿದ್ದೆ. ಬೆಳಗಿನಿಂದ ಸಂಜೆವರೆಗೆ ಡಿಸ್ಚಾರ್ಜ್ ಸಮರಿ ಓದುವುದು, ಬಿಲ್ಲಿಗೂ ಕೇಸ್ ಶೀಟಿಗೂ ತಾಳೆ ಹಾಕುವುದು. ಕಾಯಿಲೆಯ ಹೆಸರು, ಔಷಧದ ಹೆಸರು ಯಾವುದೂ ಮರೆತಿಲ್ಲ. ಆದರೆ ಐದು ವರ್ಷದಲ್ಲಿ ಒಬ್ಬ ರೋಗಿಯ ಕೈ ಮುಟ್ಟಲಿಲ್ಲ.

2023ರಲ್ಲಿ ಅತ್ತೆಯವರಿಗೆ ಸ್ಟ್ರೋಕ್ ಆಯಿತು. ಊರಿಗೆ ಬಂದುಬಿಟ್ಟೆವು. ಎರಡು ವರ್ಷ ಹಾಸಿಗೆಯಲ್ಲೇ ಇದ್ದರು. ಮೂಗಿನಿಂದ ಹೊಟ್ಟೆಗೆ ಹಾಕಿದ ರೈಲ್ಸ್ ಟ್ಯೂಬಿನಲ್ಲಿ ಗಂಜಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಕ್ಯಾತಿಟರ್ ನೋಡಿಕೊಳ್ಳುವುದು ಎಲ್ಲ ನಾನೇ. ಈ ವರ್ಷ ಜನವರಿಯಲ್ಲಿ ತೀರಿಕೊಂಡರು. ಕೊನೆವರೆಗೂ ಅವರ ಬೆನ್ನಿನ ಮೇಲೆ ಒಂದು ಹುಣ್ಣೂ ಆಗಲಿಲ್ಲ. ಆ ಸಮಾಧಾನ ಕ್ಲೇಮ್ ಕಚೇರಿಯ ಯಾವ ಕೆಲಸದಲ್ಲೂ ಸಿಕ್ಕಿರಲಿಲ್ಲ. ಹದಿನಾಲ್ಕು ದಿನ ಕಳೆದ ಮೇಲೆ ಮನೆಯವರಿಗೆ ಹೇಳಿದೆ, ನಾನು ವಾಪಸ್ ವಾರ್ಡಿಗೆ ಹೋಗ್ತೀನಿ ಅಂತ.

ಇಲ್ಲೇ ಒಂದು ನೂರು ಹಾಸಿಗೆಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಒಂದನೇ ತಾರೀಖು ಸೇರಬೇಕು. ಸಂದರ್ಶನದಲ್ಲಿ ಎಚ್‌ಆರ್‌ನವರು, "ನಿಮಗೆ ಐಸಿಯು ಅನುಭವ ಇದೆಯಲ್ಲ ಮೇಡಂ, ಮೂರನೇ ದಿನದಿಂದಲೇ ಪಾಳಿಗೆ ಹಾಕ್ತೀವಿ" ಅಂದರು. ಆಗ ತಲೆಯಾಡಿಸಿ ಬಂದೆ. ಮನೆಗೆ ಬಂದು ಹಳೇ ನೋಟ್‌ಬುಕ್ ತೆಗೆದು ಒಂದು ಡ್ರಿಪ್ ಲೆಕ್ಕ ಮಾಡೋಣ ಅಂತ ಕೂತೆ. 500 ಎಂಎಲ್, ಆರು ಗಂಟೆಯಲ್ಲಿ ಹೋಗಬೇಕು, ನಿಮಿಷಕ್ಕೆ ಎಷ್ಟು ಹನಿ? ಮೊದಲೆಲ್ಲ ಬೆಡ್ಡಿಂದ ಬೆಡ್ಡಿಗೆ ನಡೀತಾನೇ ಇದು ಬಾಯಿಗೆ ಬರ್ತಿತ್ತು. ಈಗ ಪೆನ್ನು ಹಿಡಿದು ಹತ್ತು ನಿಮಿಷ ಬೇಕಾಯಿತು. ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಕೈಯಿಂದ ಯಾರಿಗಾದರೂ ತೊಂದರೆ ಆದರೆ? ಹೀಗೆ ಬಿಟ್ಟು ವಾಪಸ್ ಬಂದವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಉಳಿದಿರುವ ಈ ಇಪ್ಪತ್ತೆರಡು ದಿನದಲ್ಲಿ ಏನು ಓದಲಿ, ಏನು ಕಲಿಯಲಿ?

ರಾತ್ರಿಪಾಳಿ · ಬೆಂಗಳೂರು

ಮೊದಲು ಲೆಕ್ಕ ಮುಗಿಸೋಣ ಸಿಸ್ಟರ್. ಎಂಎಲ್ ಅನ್ನು ಸೆಟ್ಟಿನ ಹನಿಯಿಂದ ಗುಣಿಸಿ ನಿಮಿಷದಿಂದ ಭಾಗಿಸಿ. ಎಂಎಲ್‌ಗೆ 20 ಹನಿ ಬೀಳುವ ಸೆಟ್ ಆದರೆ 500 ಗುಣಿಸು 20, ಭಾಗಿಸು 360, ಹತ್ತಿರ ಹತ್ತಿರ 28 ಹನಿ. ಅದೇ ಮೈಕ್ರೋ ಡ್ರಿಪ್ ಆದರೆ ಎಂಎಲ್‌ಗೆ 60 ಹನಿ. 15 ಹನಿಯ ಸೆಟ್ಟೂ ಬರುತ್ತೆ. ಅದಕ್ಕೇ ನೆನಪನ್ನು ನಂಬಬೇಡಿ, ಪ್ಯಾಕೆಟ್ ಮೇಲೆ ಬರೆದಿರೋದನ್ನ ಓದಿ. ದಿನಾ ಬೆಳಗ್ಗೆ ಹತ್ತು ಲೆಕ್ಕ ಮಾಡಿ, ವಾರದೊಳಗೆ ಬಾಯಿಗೆ ಬರುತ್ತೆ.

ನನಗೆ ಚಿಂತೆ ಆಗಿದ್ದು ಲೆಕ್ಕದ ವಿಷಯಕ್ಕಲ್ಲ, ಆ "ಮೂರನೇ ದಿನ"ದ ವಿಷಯಕ್ಕೆ. ನಾನು ಹದಿನಾಲ್ಕು ವರ್ಷದಿಂದ ಐಸಿಯುನಲ್ಲಿದ್ದೀನಿ. ಹೊಸಬರು ಬಂದಾಗ ನೋಡಿದ್ದೀನಿ, ಹಳೇ ಅನುಭವ ಇರೋರಿಗೇ ಹೆಚ್ಚು ಅಪಾಯ. ಪಾಸಾಗಿ ಈಗಷ್ಟೇ ಬಂದ ಹುಡುಗಿ ಪಕ್ಕದಲ್ಲಿ ಎಲ್ಲರೂ ನಿಲ್ತಾರೆ, ಅವಳಿಗೆ ಗೊತ್ತಿಲ್ಲ ಅಂತ ಎಲ್ಲರಿಗೂ ಗೊತ್ತು. ಒಂಬತ್ತು ವರ್ಷ ಕೆಲಸ ಮಾಡಿ ಒಂಬತ್ತು ವರ್ಷ ಬಿಟ್ಟವರ ಪಕ್ಕದಲ್ಲಿ ಯಾರೂ ನಿಲ್ಲಲ್ಲ. ಅವರೂ ಕೇಳಲ್ಲ. ನೀವು ಸೇರೋ ಮೊದಲೇ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ನೇರ ಹೋಗಿ. ಎರಡು ವಾರ ನನ್ನನ್ನ ಪಾಳಿಯ ಲೆಕ್ಕಕ್ಕೆ ಹಿಡೀಬೇಡಿ, ಒಬ್ಬ ಸೀನಿಯರ್ ಜೊತೆ ಹಾಕಿ ಅಂತ ಕೇಳಿ. ಎಚ್‌ಆರ್‌ಗಲ್ಲ, ಎನ್‌ಎಸ್‌ಗೆ ಕೇಳಿ. ಎರಡು ವಾರ ಅಂದ್ರೆ ಏನು ಅಂತ ಅವರಿಗೆ ಅರ್ಥ ಆಗುತ್ತೆ.

ಧಾರವಾಡದಕ್ಕ · ಹುಬ್ಬಳ್ಳಿ

ತಂಗಿ, ಹೆದರಬ್ಯಾಡ. ನಾ ಏಳು ವರ್ಷ ಬಿಟ್ಟು ಬಂದಾಕಿ. ಕೈ ಬರ್ತದ. ಬಿಪಿ ಹಚ್ಚೂದು, ಡ್ರೆಸ್ಸಿಂಗ್ ಮಾಡೂದು, ಬೆಡ್ ಹಾಸೂದು ಒಂದು ವಾರದಾಗ ತಾನಾಗೇ ಬರ್ತಾವ. ಆದ್ರ ನನಗ ಆದದ್ದು ಒಂದು ಹೇಳ್ತೀನಿ, ಮನಸಿನಾಗ ಇಟ್ಕೋ.

ಬಂದು ಹತ್ತು ದಿನ ಆಗಿತ್ತು. ಒಬ್ಬ ಅಜ್ಜಗ ಇನ್ಸುಲಿನ್ 20 ಯೂನಿಟ್ ಬರದಿದ್ರು. ಟ್ರೇದಾಗ ಸಿರಿಂಜ್ ಇತ್ತು, ವಯಲ್ ಇತ್ತು. ನಾ ಬಿಡೂಮುಂದ ನಮ್ಮ ವಾರ್ಡಿನಾಗ 40ರ (ಎಂಎಲ್‌ಗೆ 40 ಯೂನಿಟ್) ಇನ್ಸುಲಿನ್ ಒಂದಾ ಇತ್ತು, ಕೆಂಪು ಟೋಪಿ ಸಿರಿಂಜ್ ಒಂದಾ ಇತ್ತು. ಹಂಗಾಗಿ ನೋಡೂ ರೂಢೀನ ಇಲ್ಲ. ಆ ದಿನ ವಯಲ್ 100ರದ್ದು, ಸಿರಿಂಜ್ ಕೆಂಪು ಟೋಪಿದು. 20ರ ಗೆರೀತನಕ ಎಳದೆ. ಬಾಜೂಕ ನಿಂತ ಹುಡುಗಿ, "ಅಕ್ಕಾ, ಸಿರಿಂಜ್ ನೋಡ್ರಿ" ಅಂದ್ಲು. ಲೆಕ್ಕ ಹಾಕಿ ನೋಡಿದ್ರ ಎದಿ ಝಲ್ ಅಂತು. 40ರ ಸಿರಿಂಜಿನಾಗ 20ರ ಗೆರಿ ಅಂದ್ರ ಅರ್ಧ ಎಂಎಲ್. 100ರ ಇನ್ಸುಲಿನ್ ಅರ್ಧ ಎಂಎಲ್ ಅಂದ್ರ 50 ಯೂನಿಟ್. ಎರಡೂವರಿ ಪಟ್ಟು! ಅಜ್ಜ ರಾತ್ರಿ ಏಳ್ತಿದ್ದಿಲ್ಲ.

ತಿರುವುಮುರುವು ಆದ್ರೂ ತ್ರಾಸ. 40ರ ಇನ್ಸುಲಿನ್ ಕಿತ್ತಳೆ ಟೋಪಿ ಸಿರಿಂಜಿನಾಗ 20ರ ಗೆರೀತನಕ ಎಳದ್ರ ಬರೇ 8 ಯೂನಿಟ್ ಹೊಕ್ಕೈತಿ, ಸಕ್ಕರಿ ಯಾಕ ಇಳೀವಲ್ದು ಅಂತ ಡಾಕ್ಟರು ಡೋಸ್ ಏರಿಸ್ಕೋತ ಹೋಗ್ತಾರ. ಕೆಂಪು ಟೋಪಿ 40ಕ್ಕ, ಕಿತ್ತಳೆ ಟೋಪಿ 100ಕ್ಕ. ವಯಲ್ ಓದು, ಸಿರಿಂಜ್ ಓದು, ಇನ್ನೊಬ್ಬಾಕಿಗೆ ತೋರಿಸು, ಆಮೇಲೆ ಚುಚ್ಚು. ಆ ಹುಡುಗೀಗೆ ಇವತ್ತಿಗೂ ಯುಗಾದಿಗೆ ಸೀರಿ ಕೊಡ್ತೀನಿ.

ಕಡಲತಡಿ ಬ್ರದರ್ · ಮಂಗಳೂರು

ಅಕ್ಕ ಹೇಳಿದ್ದು ನೂರಕ್ಕೆ ನೂರು ಸತ್ಯ. ನಾನು ಎಮರ್ಜೆನ್ಸಿಯಲ್ಲಿ ಇರುವುದು, ಹೊಸಬರಿಗೆ ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವುದು) ತರಬೇತಿಯೂ ಕೊಡ್ತೇನೆ. ನೀವು 2007ರ ಬ್ಯಾಚ್ ಅಂದ್ರೆ ಕಲಿತದ್ದು ಎ-ಬಿ-ಸಿ, ಮೊದಲು ಶ್ವಾಸದ ದಾರಿ. 2010ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಅದನ್ನು ಸಿ-ಎ-ಬಿ ಮಾಡಿತು, ಮೊದಲು ಎದೆ ಒತ್ತುವುದು. ನೀವು ಬಿಡುವಾಗ ಅದು ಬಂದಿತ್ತು, ಆದ್ರೆ ಒತ್ತಡದಲ್ಲಿ ಕೈ ಮೊದಲು ಕಲಿತದ್ದನ್ನೇ ಮಾಡ್ತದೆ. ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳ, 6 ದಾಟಬಾರದು, ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು, 30ಕ್ಕೆ 2 ಉಸಿರು. ಎರಡು ನಿಮಿಷಕ್ಕೆ ಒತ್ತುವವರು ಬದಲಾಗಬೇಕು. ಇದನ್ನು ಓದಿ ಪ್ರಯೋಜನ ಇಲ್ಲ. ಇದನ್ನು ಕಲಿಸುವ ಬಿಎಲ್‌ಎಸ್ ಕೋರ್ಸ್ ಒಂದು ದಿನದ್ದು, ಸರ್ಟಿಫಿಕೇಟ್ ಎರಡು ವರ್ಷಕ್ಕೆ. ಸೇರುವ ಮೊದಲೇ ಗೊಂಬೆಯ ಮೇಲೆ ಒತ್ತಿ ಬನ್ನಿ. ಬೆವರು ಬರುವವರೆಗೆ ಒತ್ತಿ. ಮಂಡಿಗೆ ಎಷ್ಟು ನೋವು ಉಂಟು ಅಂತ ಅಲ್ಲೇ ಗೊತ್ತಾಗಲಿ, ರೋಗಿಯ ಪಕ್ಕ ಅಲ್ಲ.

ರಕ್ತನಾಳಕ್ಕೆ ಹಾಕುವ ಕ್ಯಾನುಲಾ ಬಗ್ಗೆ ತಲೆಬಿಸಿ ಮಾಡ್ಬೇಡಿ. ಅಳತೆಯ ಬಣ್ಣ ಅದೇ: ಹಸಿರು 18, ಗುಲಾಬಿ 20, ನೀಲಿ 22, ಹಳದಿ 24. ಮೊದಲ ವಾರ ಒಳ್ಳೆಯ ರಕ್ತನಾಳ ಇರುವ ಯುವಕರಿಗೆ ಹಾಕಿ. ಎರಡು ಸಲ ತಪ್ಪಿದ್ರೆ ಮೂರನೇ ಸಲ ನೀವು ಚುಚ್ಚಬೇಡಿ, ಬೇರೆಯವರನ್ನು ಕರೀರಿ.

ಹೆಸರು ಬೇಡ

ನಾನು ಬೇರೆ ಮಾತು ಹೇಳ್ತೀನಿ, ಬೇಜಾರಾಗಬೇಡಿ. ವಾಪಸ್ ಬರಬೇಡಿ. ನಾನು ಹನ್ನೊಂದು ವರ್ಷ ಮಾಡಿ ಹೋದ ವರ್ಷ ಬಿಟ್ಟೆ. ಒಂದು ರಾತ್ರಿಗೆ 22 ರೋಗಿಗಳು, ನಾನೊಬ್ಬಳು, ಒಬ್ಬ ಆಯಾ. ಗ್ಯಾಪ್ ಇದೆ ಅಂತ ನಿಮ್ಮ ಸಂಬಳವನ್ನ ಹೊಸಬರಿಗಿಂತ ಕೆಳಗೆ ನಿಲ್ಲಿಸ್ತಾರೆ. ಬೆನ್ನು ಹೋಗುತ್ತೆ, ಕಾಲಿನ ನರ ಉಬ್ಬುತ್ತೆ. 41ನೇ ವಯಸ್ಸಲ್ಲಿ ಕ್ಲೇಮ್ ಕಚೇರಿಯ ಕುರ್ಚಿ ಬಿಟ್ಟು ಯಾಕೆ ಬರ್ತೀರಿ?

ಹಳೇ ಮೇಟ್ರನ್ · ಮೈಸೂರು

ಮೇಲೆ ಬರೆದ ತಂಗಿಯ ನೋವು ಸುಳ್ಳಲ್ಲ. ನಾನು 34 ವರ್ಷ ಸರ್ಕಾರಿ ಸೇವೆ ಮಾಡಿ ನಿವೃತ್ತಳಾದವಳು. ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ ಐದು ರೋಗಿಗೆ ಒಬ್ಬ ನರ್ಸ್ ಇರಬೇಕು, ಬೋಧಕ ಆಸ್ಪತ್ರೆಯಲ್ಲಿ ಮೂರಕ್ಕೆ ಒಬ್ಬರು. 22ಕ್ಕೆ ಒಬ್ಬರನ್ನು ನಿಲ್ಲಿಸಿ, ತಪ್ಪಾದಾಗ ಆ ಹುಡುಗಿಗೆ ಮೆಮೋ ಕೊಡುವುದು ಅನ್ಯಾಯ. ಇದನ್ನು ಸೇವೆಯಲ್ಲಿದ್ದಾಗಲೂ ಹೇಳಿದ್ದೇನೆ, ಈಗಲೂ ಹೇಳುತ್ತೇನೆ.

ಸಂಬಳದ ವಿಚಾರದಲ್ಲಿ ಒಂದು ಆಧಾರ ಕೈಯಲ್ಲಿರಲಿ. ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ಕೇಂದ್ರ ಸರ್ಕಾರ ರಚಿಸಿದ್ದ ಸಮಿತಿ 2016ರಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಹೀಗೆ ಶಿಫಾರಸು ಮಾಡಿತು: 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ರಾಜ್ಯ ಸರ್ಕಾರದ ನರ್ಸಿಗೆ ಸಮಾನ ವೇತನ, 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇಕಡಾ 10ರಷ್ಟು ಮಾತ್ರ ಕಡಿಮೆ ಇರಬಹುದು, 50ರಿಂದ 100ರ ಒಳಗಾದರೆ ಶೇಕಡಾ 25. ಅದಕ್ಕಿಂತ ಸಣ್ಣ ಆಸ್ಪತ್ರೆಯಲ್ಲೂ ತಿಂಗಳಿಗೆ 20 ಸಾವಿರಕ್ಕಿಂತ ಕೆಳಗೆ ಇಳಿಯಬಾರದು. ಶಿಫಾರಸು ಎಂಬ ಕಾರಣಕ್ಕೆ ಬಹಳಷ್ಟು ಕಡೆ ಪಾಲಿಸುವುದಿಲ್ಲ. ಆದರೆ ಮಾತಾಡಲು ಕೂತಾಗ ಈ ಅಂಕಿ ಗೊತ್ತಿರುವವರಿಗೂ ಗೊತ್ತಿಲ್ಲದವರಿಗೂ ವ್ಯತ್ಯಾಸ ಇದೆ.

ತುಂಗಾತೀರ ಅವರೇ, ನಿಮ್ಮ ನೋಂದಣಿ ಜೀವಂತ ಇದೆಯೇ? ಮೊದಲು ಅದನ್ನು ನೋಡಿ. ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಐದು ವರ್ಷಕ್ಕೊಮ್ಮೆ ನವೀಕರಣ ಆಗಬೇಕು, ಅದಕ್ಕೆ 150 ಗಂಟೆಯ ನಿರಂತರ ಶಿಕ್ಷಣ ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತು ಇಟ್ಟ ಅಳತೆ. ನೀವು ಬಿಟ್ಟ ಮೇಲೆ ದೇಶದ ಎಲ್ಲ ನರ್ಸುಗಳ ಹೆಸರನ್ನೂ ಒಂದೇ ಕಡೆ ಸೇರಿಸುವ ನೋಂದಣಿ ಬಂದಿದೆ. ಅದರಲ್ಲಿ ನಿಮಗೊಂದು ಎನ್‌ಯುಐಡಿ ಸಂಖ್ಯೆ ಸಿಗುತ್ತದೆ. ಅದೂ ಮಾಡಿಸಿಕೊಳ್ಳಿ. ನೋಂದಣಿ ಮುಗಿದಿದ್ದರೆ ಅದನ್ನು ಆಸ್ಪತ್ರೆಯಿಂದ ಮುಚ್ಚಿಡಬೇಡಿ, ಒಂದು ದಿನವೂ ಹಾಗೆ ಕೆಲಸ ಮಾಡಬೇಡಿ.

ಮತ್ತೊಂದು ಮಾತು. ಅತ್ತೆಯನ್ನು ಎರಡು ವರ್ಷ ಹುಣ್ಣಾಗದಂತೆ ನೋಡಿಕೊಂಡೆ ಎಂದಿರಿ. ಆ ಎರಡು ವರ್ಷವನ್ನು ಗ್ಯಾಪ್ ಎಂದು ಎಲ್ಲೂ ಬರೆಯಬೇಡಿ. ಅದು ನೀವು ಮಾಡಿದ ಶುಶ್ರೂಷೆ.

ತುಂಗಾತೀರ

ಮೇಡಂ, ನಿಮ್ಮ ಕೊನೇ ಸಾಲು ಓದಿ ಅತ್ತುಬಿಟ್ಟೆ. ನೋಂದಣಿ ಪುಣ್ಯಕ್ಕೆ ಹಿಂದಿನ ವರ್ಷ ನವೀಕರಣ ಮಾಡಿಸಿದ್ದೆ. ಎನ್‌ಯುಐಡಿ ಇಲ್ಲ, ನಾಳೆಯೇ ಅರ್ಜಿ ಹಾಕ್ತೀನಿ.

"ಹೆಸರು ಬೇಡ" ಅವರಿಗೆ: ನಿಮ್ಮ ಮಾತಿಗೆ ಬೇಜಾರಿಲ್ಲ. 22 ರೋಗಿಗಳ ರಾತ್ರಿ ನನಗೂ ಗೊತ್ತು. ಎನ್‌ಎಸ್ ಹತ್ತಿರ ಹೋದಾಗ ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರ್ತಾರೆ ಅಂತ ಕೇಳ್ತೀನಿ. ಒಬ್ಬಳೇ ಅಂದ್ರೆ ಸೇರಲ್ಲ.

ಲೀಡ್ಸಿನ ಕನ್ನಡತಿ · ಇಂಗ್ಲೆಂಡ್

ಹಾಸನದವಳು, ಇಲ್ಲಿಗೆ ಬಂದು ಎಂಟು ವರ್ಷ. ಇಲ್ಲಿ ಇದನ್ನ ಹೇಗೆ ಮಾಡ್ತಾರೆ ಅಂತ ಹೇಳಿದರೆ ನಿಮಗೆ ಎನ್‌ಎಸ್ ಹತ್ತಿರ ಮಾತಾಡೋಕೆ ಧೈರ್ಯ ಬರಬಹುದು. ಇಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನಲ್ಲಿ ಮೂರು ವರ್ಷಕ್ಕೊಮ್ಮೆ ಮರುಪರಿಶೀಲನೆ. ಆ ಮೂರು ವರ್ಷದಲ್ಲಿ 450 ಗಂಟೆ ಕೆಲಸ ಮಾಡಿರಬೇಕು, 35 ಗಂಟೆ ಕಲಿಕೆ ತೋರಿಸಬೇಕು. ಅಷ್ಟು ಗಂಟೆ ಇಲ್ಲದೆ ನೋಂದಣಿ ಬಿಟ್ಟುಹೋದವರಿಗೆ ಎರಡು ದಾರಿ: ವಿಶ್ವವಿದ್ಯಾಲಯದಲ್ಲಿ "ರಿಟರ್ನ್ ಟು ಪ್ರಾಕ್ಟೀಸ್" ಅಂತ ಕೋರ್ಸ್ ಮಾಡಿ ವಾರ್ಡಿನಲ್ಲಿ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡೋದು, ಇಲ್ಲವೇ ಕಂಪ್ಯೂಟರ್ ಪರೀಕ್ಷೆ ಮತ್ತು ಓಸ್ಕಿ ಅನ್ನೋ ಪ್ರಾಯೋಗಿಕ ಪರೀಕ್ಷೆ ಬರೆಯೋದು. ಭಾರತದಿಂದ ಬರೋ ನಾವು ಬರೆಯೋದೂ ಅದೇ ಪರೀಕ್ಷೆ.

ನಮ್ಮ ವಾರ್ಡಿಗೆ ಹೋದ ವರ್ಷ ಹನ್ನೆರಡು ವರ್ಷ ಬಿಟ್ಟಿದ್ದ ಒಬ್ಬರು ಹಾಗೆ ವಾಪಸ್ ಬಂದರು. ಅವರ ಬ್ಯಾಡ್ಜ್ ನೋಡಿದರೆ ಎಲ್ಲರಿಗೂ ಗೊತ್ತಾಗ್ತಿತ್ತು, ಈಕೆ ಈಗ ಕಲೀತಿದ್ದಾರೆ ಅಂತ. ಅದರಲ್ಲಿ ಅವಮಾನ ಏನೂ ಇರಲಿಲ್ಲ. ನನಗೆ ಬೇಜಾರು ಅಂದ್ರೆ, ನಮ್ಮೂರಲ್ಲಿ ಒಬ್ಬೊಬ್ಬರೂ ಇದನ್ನ ತಾವೇ ಕೇಳಿ ಪಡೀಬೇಕು. ಮದುವೆ, ಹೆರಿಗೆ, ಹಿರಿಯರ ಕಾಯಿಲೆ ಅಂತ ಬಿಟ್ಟು ಹೋದ ಎಷ್ಟು ಸಾವಿರ ಜನ ಮನೇಲಿದ್ದಾರೋ! ಅವರಿಗೆಲ್ಲ ಎರಡು ತಿಂಗಳ ಒಂದು ಕೋರ್ಸ್ ಜಿಲ್ಲಾಸ್ಪತ್ರೆಯಲ್ಲೇ ಕೊಟ್ಟರೆ ಎಷ್ಟು ಚೆನ್ನಾಗಿರುತ್ತೆ.

ಸ್ಕಿಲ್ ಲ್ಯಾಬ್ · ತುಮಕೂರು

ನಾನು ನರ್ಸಿಂಗ್ ಕಾಲೇಜಿನಲ್ಲಿ ಟ್ಯೂಟರ್. ಸೇರುವ ಮೊದಲು ಏನು ಓದಲಿ ಅಂತ ಕೇಳಿದ್ದೀರಿ. ಪಠ್ಯಪುಸ್ತಕ ಮೊದಲಿಂದ ಶುರು ಮಾಡಬೇಡಿ, ಮೂರನೇ ಅಧ್ಯಾಯಕ್ಕೆ ಸುಸ್ತಾಗ್ತೀರಿ. ಆ ಆಸ್ಪತ್ರೆಯ ವಾರ್ಡಿನಲ್ಲಿ ಹೆಚ್ಚಾಗಿ ಬಳಸುವ ಮೂವತ್ತು ಔಷಧಗಳ ಪಟ್ಟಿಯನ್ನ ಅವರ ಫಾರ್ಮಸಿಯಿಂದಲೇ ಕೇಳಿ ತಗೊಳ್ಳಿ. ಅಷ್ಟನ್ನ ಓದಿ. ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಪಕ್ಕಕ್ಕೆ ಕೆಂಪು ಗೆರೆ ಎಳೀರಿ. 10 ಎಂಎಲ್ ಆಂಪೂಲಿನಲ್ಲಿ 20 ಮಿಲಿಈಕ್ವಿವಲೆಂಟ್ ಇರುತ್ತೆ. ಅದನ್ನ ಯಾವತ್ತೂ ನೇರವಾಗಿ ಪುಶ್ ಮಾಡಬಾರದು, ಹೃದಯ ನಿಂತುಹೋಗುತ್ತೆ. ಡ್ರಿಪ್ಪಿಗೆ ಹಾಕಿ, ಬಾಟಲಿ ಬುಡಮೇಲು ಮಾಡಿ ಚೆನ್ನಾಗಿ ಬೆರೆಸಿ, ನಿಧಾನಕ್ಕೆ ಬಿಡಬೇಕು. ಪಂಪ್ ಇದ್ದರೆ ಪಂಪಿನಲ್ಲೇ.

ಕಸದ ಬಣ್ಣವೂ ಬದಲಾಗಿದೆ. ನೀವು ಬಿಟ್ಟ 2016ರಲ್ಲೇ ಹೊಸ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಬಂತು. ರಕ್ತ ಹತ್ತಿದ ಹತ್ತಿ, ಡ್ರೆಸ್ಸಿಂಗ್ ಹಳದಿಗೆ. ಐವಿ ಸೆಟ್, ಕ್ಯಾತಿಟರ್, ಗ್ಲೌಸ್ ಕೆಂಪಿಗೆ. ಸೂಜಿ, ಬ್ಲೇಡು ಬಿಳಿಯ ಗಟ್ಟಿ ಡಬ್ಬಿಗೆ. ಒಡೆದ ಆಂಪೂಲ್, ಗಾಜಿನ ವಯಲ್ ನೀಲಿಗೆ. ಸೂಜಿಗೆ ಮತ್ತೆ ಟೋಪಿ ಹಾಕೋ ಅಭ್ಯಾಸ ಹಳಬರಿಗೆ ಕೈಯಲ್ಲಿ ಕೂತಿರುತ್ತೆ, ಅದನ್ನ ಮೊದಲ ದಿನವೇ ಬಿಡಿ.

ಹೆಪಟೈಟಿಸ್ ಬಿ ಮೂರು ಡೋಸ್ ಆಗಿದೆಯಾ? ಆಗಿದ್ದರೂ ಲಸಿಕೆ ಹಿಡಿದಿದೆಯಾ ಅಂತ ತೋರಿಸುವ ಆಂಟಿ-ಎಚ್‌ಬಿಎಸ್ ರಕ್ತಪರೀಕ್ಷೆ ಒಂದು ಸಲ ನೋಡಿಸಿ, 10ಕ್ಕಿಂತ ಮೇಲಿರಬೇಕು. ಅಕಸ್ಮಾತ್ ಸೂಜಿ ಚುಚ್ಚಿದರೆ ಸೋಪು ನೀರಲ್ಲಿ ತೊಳೆದು ತಕ್ಷಣ ತಿಳಿಸಿ. ಎಚ್‌ಐವಿ ತಡೆ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೇದು, 72 ಗಂಟೆ ದಾಟಿದರೆ ಪ್ರಯೋಜನ ಇಲ್ಲ. ಪಾಳಿ ಮುಗಿಯಲಿ ಅಂತ ಕಾಯಬೇಡಿ.

ತುಂಗಾತೀರ

ಎನ್‌ಎಸ್ ಮೇಡಂ ಹತ್ತಿರ ಹೋಗಿ ಬಂದೆ. ಬಾಗಿಲ ಹೊರಗೆ ನಿಂತಾಗ ಕೈ ಬೆವರಿತ್ತು. ರಾತ್ರಿಪಾಳಿ ಸಿಸ್ಟರ್ ಹೇಳಿದ ಮಾತನ್ನೇ ಹೇಳಿದೆ: ನನಗೆ ಅನುಭವ ಇದೆ ಮೇಡಂ, ಆದರೆ ಹಳೇದು, ಎರಡು ವಾರ ಸೀನಿಯರ್ ಜೊತೆ ಹಾಕಿ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ, "ಇದನ್ನ ಯಾರೂ ಬಾಯಿಬಿಟ್ಟು ಕೇಳಲ್ಲ ಕಣಮ್ಮಾ, ಆಮೇಲೆ ನಾನು ಇನ್ಸಿಡೆಂಟ್ ರಿಪೋರ್ಟ್ ಓದ್ತೀನಿ" ಅಂದರು. ಎರಡು ವಾರ ಆಗಲ್ಲ, ಹತ್ತು ದಿನ ಅಂದರು. ರಾತ್ರಿ ಪಾಳಿ ಮೊದಲ ತಿಂಗಳು ಇಲ್ಲ. ರಾತ್ರಿ ವಾರ್ಡಿನಲ್ಲಿ ಇಬ್ಬರು ಸಿಸ್ಟರ್ ಇರ್ತಾರಂತೆ. ಸಂಬಳದ ಮಾತಲ್ಲಿ ಮೈಸೂರಿನ ಮೇಡಂ ಕೊಟ್ಟ ಅಂಕಿ ಹೇಳಿದೆ. ಪೂರ್ತಿ ಒಪ್ಪಲಿಲ್ಲ, ಆದರೆ ಮೊದಲು ಹೇಳಿದ್ದಕ್ಕಿಂತ ಎರಡೂವರೆ ಸಾವಿರ ಏರಿತು.

ಭಾನುವಾರ ಬಿಎಲ್‌ಎಸ್ ಮಾಡಿದೆ. ಬ್ರದರ್, ನೀವು ಹೇಳಿದ ಮಂಡಿ ನೋವು ಇನ್ನೂ ಇದೆ.

ರಾತ್ರಿಪಾಳಿ

ಹತ್ತು ದಿನ ಸಿಕ್ಕಿದ್ದು ದೊಡ್ಡದು. ಆ ಹತ್ತು ದಿನ ಏನು ಮಾಡ್ತೀರಿ ಅಂತ ನೀವೇ ಬರೆದಿಟ್ಟುಕೊಳ್ಳಿ, ಇಲ್ಲದಿದ್ರೆ ಬೆಡ್ ಹಾಸೋದಕ್ಕೂ ಲ್ಯಾಬಿಗೆ ಓಡೋದಕ್ಕೂ ಮುಗಿದುಹೋಗುತ್ತೆ. ಕ್ರ್ಯಾಶ್ ಕಾರ್ಟ್ (ತುರ್ತು ಔಷಧ, ಸಲಕರಣೆಯ ಗಾಡಿ) ಒಂದು ಸಲ ಪೂರ್ತಿ ಖಾಲಿ ಮಾಡಿ ನೀವೇ ಜೋಡಿಸಿ, ಯಾವ ಡ್ರಾಯರಿನಲ್ಲಿ ಏನಿದೆ ಅಂತ ಕಣ್ಣು ಮುಚ್ಚಿ ಹೇಳೋ ಹಾಗಾಗಬೇಕು. ಸಿರಿಂಜ್ ಪಂಪ್ ಒಂದನ್ನ ಬರೀ ಸಲೈನ್ ಹಾಕಿ ಓಡಿಸಿ, ಬೇಕಂತಲೇ ಅಲಾರಂ ಬರಿಸಿ ನಿಲ್ಲಿಸಿ. ಮತ್ತೆ ಓವರ್ ಕೊಡೋದು, ಅಂದ್ರೆ ಮುಂದಿನ ಪಾಳಿಯವರಿಗೆ ರೋಗಿಗಳ ವಿವರ ಒಪ್ಪಿಸೋದು. ಬೇರೆಯವರು ಕೊಡೋದನ್ನ ಕೇಳಿಸ್ಕೊಂಡು ನೀವೂ ಬರೆದು, ಇಬ್ಬರದ್ದೂ ತಾಳೆ ನೋಡಿ. ಯಾರು ಏನು, ಈಗ ಏನಾಗಿದೆ, ನಿಮಗೆ ಏನನ್ಸುತ್ತೆ, ಮುಂದೆ ಏನು ಬೇಕು. ಅಷ್ಟೇ.

ತುಂಗಾತೀರ

ಸೇರಿ ಹದಿನಾರು ದಿನ ಆಯಿತು. ಇವತ್ತು ವಾರದ ರಜೆ. ಉದ್ದ ಬರೀತೀನಿ, ಕ್ಷಮಿಸಿ.

ಮೊದಲ ನಾಲ್ಕು ದಿನ ಕಷ್ಟದ್ದು. ಎಲ್ಲ ಕಂಪ್ಯೂಟರ್. ಔಷಧ ಕೊಟ್ಟ ತಕ್ಷಣ ಅಲ್ಲಿ ಹಾಕಬೇಕು, ಇಂಡೆಂಟ್ ಅಲ್ಲೇ, ಲ್ಯಾಬ್ ಅಲ್ಲೇ. ಒಬ್ಬರ ಅಡ್ಮಿಷನ್ ದಾಖಲಿಸೋಕೆ ನನಗೆ 40 ನಿಮಿಷ ಬೇಕಾಯಿತು. ಜೊತೆಗಿರೋ ಹುಡುಗಿಗೆ 24 ವರ್ಷ, ಎಂಟು ನಿಮಿಷದಲ್ಲಿ ಮುಗಿಸ್ತಾಳೆ. ಎರಡು ಕ್ಯಾನುಲಾ ತಪ್ಪಿತು, ಬ್ರದರ್ ಹೇಳಿದ ಹಾಗೆ ಮೂರನೇದಕ್ಕೆ ಅವಳನ್ನೇ ಕರೆದೆ. ಐದನೇ ದಿನದಿಂದ ಕೈ ಬಂತು. ನಿಜವಾಗಿ ಬಂತು. ಒಬ್ಬ ಅಜ್ಜಿಯ ಕೈಯಲ್ಲಿ ನರವೇ ಕಾಣದೆ ಬರೀ ಬೆರಳಲ್ಲಿ ಮುಟ್ಟಿ 22 ಹಾಕಿದೆ. ಟ್ಯೂಬಿನಲ್ಲಿ ರಕ್ತ ಕಂಡಾಗ ಆದ ಸಂತೋಷ ಯಾರಿಗೆ ಹೇಳಲಿ ಅಂತ ಇಲ್ಲಿ ಹೇಳ್ತಿದ್ದೀನಿ.

ಬರೀಬೇಕು ಅಂದುಕೊಂಡದ್ದು ಇನ್ನೊಂದು. ಹನ್ನೊಂದನೇ ದಿನ, ಒಬ್ಬರು 60ರ ಹತ್ತಿರದ ರೈತರು, ಹೊಟ್ಟೆಯ ಆಪರೇಷನ್ ಆಗಿ ಎರಡನೇ ದಿನ. ಬಿಪಿ ಸರಿ ಇತ್ತು, ರಕ್ತದ ಆಮ್ಲಜನಕದ ಸ್ಯಾಚುರೇಷನ್ 95. ಚಾರ್ಟಿನಲ್ಲಿ ನಿಮಿಷಕ್ಕೆ ಉಸಿರು 20, 20, 20. ವಾರ್ಡಿನ ಎಲ್ಲರ ಚಾರ್ಟಿನಲ್ಲೂ 20 ಇದೆ ಅನ್ನೋದು ಆಗ ಕಣ್ಣಿಗೆ ಬಿತ್ತು. ಅವರನ್ನ ನೋಡಿದರೆ ಏನೋ ಸರಿ ಇಲ್ಲ ಅನ್ನಿಸ್ತು. ಮಗ ಹತ್ತಿರ ಮಾತಾಡೋವಾಗ ಒಂದು ವಾಕ್ಯ ಪೂರ್ತಿ ಹೇಳ್ತಿರಲಿಲ್ಲ, ಮಧ್ಯೆ ನಿಲ್ಲಿಸ್ತಿದ್ದರು. ಕೈಗಡಿಯಾರ ಹಿಡಿದು ಒಂದು ನಿಮಿಷ ಪೂರ್ತಿ ಎಣಿಸಿದೆ. 32. ಮತ್ತೆ ಎಣಿಸಿದೆ. 32. ಮೂತ್ರದ ಚೀಲ ನೋಡಿದರೆ ನಾಲ್ಕು ಗಂಟೆಯಲ್ಲಿ 70 ಎಂಎಲ್. 60 ಕೆಜಿ ಆಳಿಗೆ ಗಂಟೆಗೆ 30 ಆದರೂ ಬರಬೇಕು. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. "ಸ್ಯಾಚುರೇಷನ್ ಚೆನ್ನಾಗಿದೆಯಲ್ಲ ಸಿಸ್ಟರ್" ಅಂದರು. "ಹೌದು ಸರ್, ಆದರೆ 32 ಎಣಿಸಿದ್ದೀನಿ, ಯೂರಿನ್ ಕಡಿಮೆ ಇದೆ, ನೀವು ಬಂದು ನೋಡಲೇಬೇಕು" ಅಂದೆ. ನನ್ನ ದನಿ ನಡುಗಲಿಲ್ಲ. ಬಂದರು, ನೋಡಿದರು, ಅರ್ಧ ಗಂಟೆಯಲ್ಲಿ ಹೆಚ್ಚಿನ ನಿಗಾ ಇಡುವ ಎಚ್‌ಡಿಯುಗೆ ಶಿಫ್ಟ್ ಆಯಿತು. ಹೊಟ್ಟೆಯೊಳಗೆ ಹೊಲಿಗೆ ಸೋರ್ತಿತ್ತಂತೆ. ಅದೇ ರಾತ್ರಿ ಮತ್ತೆ ಆಪರೇಷನ್ ಆಯಿತು. ನಿನ್ನೆ ಎದ್ದು ಕೂತು ಗಂಜಿ ಕುಡಿದರು.

ನಾನು ಕ್ಲೇಮ್ ಕಚೇರಿಯಲ್ಲಿ ಇಂಥ ಕಡತಗಳನ್ನ ನೂರಾರು ಓದಿದ್ದೀನಿ. ಕೊನೇ ಪುಟದಲ್ಲಿ ಸಾವು ಅಂತ ಇರ್ತಿತ್ತು, ಹಿಂದಿನ ಪುಟಗಳಲ್ಲಿ ಉಸಿರು 20, 20, 20. ಆಗ ಅದನ್ನ ಓದಿ ಮುಂದಿನ ಕಡತ ತೆಗೀತಿದ್ದೆ.

ಆ 24ರ ಹುಡುಗಿಗೆ ಬೈಯಲಿಲ್ಲ. ಅವಳಿಗೆ ಅವತ್ತು ಹನ್ನೆರಡು ರೋಗಿಗಳು. ಮರುದಿನ ಟೀ ಸಮಯದಲ್ಲಿ ಇಬ್ಬರೂ ಕೂತು, ಅವಳು ನನಗೆ ಕಂಪ್ಯೂಟರ್ ಹೇಳಿಕೊಟ್ಟಳು. ನಾನು ಅವಳಿಗೆ ಎದೆ ನೋಡಿ ಉಸಿರು ಎಣಿಸೋದು ತೋರಿಸಿದೆ, ನಾಡಿ ಹಿಡಿದ ಹಾಗೇ ಹಿಡಿದುಕೊಂಡು, ರೋಗಿಗೆ ಗೊತ್ತಾಗದ ಹಾಗೆ.

ಧಾರವಾಡದಕ್ಕ

ತಂಗಿ, ಓದಿ ಮೈ ಜುಂ ಅಂತು. ಆ ರೈತಪ್ಪಗ ದೇವರು ಆಯುಷ್ಯ ಕೊಡ್ಲಿ. ಕೈ ಬರ್ತದ ಅಂತ ನಾ ಹೇಳಿದ್ದೆ. ಕಣ್ಣು ಹೋಗಿರೂದಾ ಇಲ್ಲ ನೋಡು ನಿಂದು.

ಹಳೇ ಮೇಟ್ರನ್

ಇಡೀ ನಿಮಿಷ ಎಣಿಸುವುದನ್ನು ನಿಮ್ಮ ವಾರ್ಡಿನಲ್ಲಿ ರೂಢಿ ಮಾಡಿಸಿ. ಇನ್‌ಚಾರ್ಜ್ ಸಿಸ್ಟರಿಗೆ ಹೇಳಿ, ಆದರೆ ಆ ಹುಡುಗಿಯ ಹೆಸರು ಬೇಡ. ಹನ್ನೆರಡು ರೋಗಿಗಳನ್ನು ಒಬ್ಬಳಿಗೆ ಕೊಟ್ಟಿದ್ದರು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ. ಎರಡನ್ನೂ ಬೇರೆ ಬೇರೆ ಮಾಡಿದರೆ ಬರೀ ಹುಡುಗಿಯ ತಪ್ಪಾಗಿ ಉಳಿಯುತ್ತದೆ.

ಹೆಸರು ಬೇಡ

ಎರಡು ಸಲ ಓದಿದೆ. ನಾನು ಬಿಟ್ಟ ರಾತ್ರಿ ನನ್ನ ವಾರ್ಡಿನಲ್ಲೂ ಒಬ್ಬರು ಹೀಗೇ ಇದ್ದರು. ನನಗೆ ಅವರ ಹಾಸಿಗೆ ಹತ್ತಿರ ಹೋಗೋಕೆ ಬಿಡುವೇ ಸಿಗಲಿಲ್ಲ. ಬೆಳಗಿನ ಜಾವ ಹೋದರು. ಅದನ್ನ ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ರಾತ್ರಿಪಾಳಿ

ಸಿಸ್ಟರ್, ಅದು 22 ಹಾಸಿಗೆಯ ರಾತ್ರಿ. ನಿಮಗೆ ಖಾಸಗಿ ಸಂದೇಶ ಕಳಿಸಿದ್ದೀನಿ, ನನ್ನ ನಂಬರ್ ಇದೆ. ಯಾವ ಹೊತ್ತಿಗಾದರೂ ಫೋನ್ ಮಾಡಿ. ನಾನು ಹೇಗಿದ್ದರೂ ರಾತ್ರಿ ಎದ್ದೇ ಇರ್ತೀನಿ.

ಮಲ್ಲಿಗೆಹಳ್ಳಿ · ಚಿಕ್ಕಮಗಳೂರು ಜಿಲ್ಲೆ

ಇಲ್ಲಿ ಮೊದಲನೇ ಸಲ ಬರೀತಿದ್ದೀನಿ. ನಾನು 13 ವರ್ಷ ಆಯಿತು ಬಿಟ್ಟು. ನೋಂದಣಿ ನವೀಕರಣ ಮಾಡಿಸೇ ಇಲ್ಲ. ಮಗಳು ಪಿಯುಸಿಗೆ ಹೋದಳು, ಮನೆಯಲ್ಲಿ ಕೂತಿರೋಕಾಗ್ತಿಲ್ಲ. ಈ ಚರ್ಚೆ ಪೂರ್ತಿ ಓದಿದೆ. ನನ್ನಂಥವಳಿಗೂ ಆಗುತ್ತಾ?

ಹಳೇ ಮೇಟ್ರನ್

ಆಗುತ್ತದೆ ತಾಯಿ. ಸರ್ಟಿಫಿಕೇಟುಗಳೆಲ್ಲ ಹಿಡಿದು ಪರಿಷತ್ತಿನ ಕಚೇರಿಗೆ ಖುದ್ದಾಗಿ ಹೋಗಿ, ದಲ್ಲಾಳಿಗಳ ಕೈಗೆ ಕಾಗದ ಕೊಡಬೇಡಿ. ಹೆಸರು ಮದುವೆಯ ನಂತರ ಬದಲಾಗಿದ್ದರೆ ಅದರ ದಾಖಲೆಯೂ ಇರಲಿ. ನವೀಕರಣ ಕೈಗೆ ಬಂದ ಮೇಲೆ ಕೆಲಸ ಹುಡುಕಿ. 13 ವರ್ಷಕ್ಕೆ ಹತ್ತು ದಿನ ಸಾಲದು, ಒಂದು ತಿಂಗಳಾದರೂ ಸೀನಿಯರ್ ಜೊತೆ ಕೇಳಿ. ಕೊಡದ ಆಸ್ಪತ್ರೆಗೆ ಹೋಗಬೇಡಿ. ಐಸಿಯು ಈಗಲೇ ಬೇಡ, ಮೆಡಿಕಲ್ ವಾರ್ಡಿನಿಂದ ಶುರು ಮಾಡಿ.

ತುಂಗಾತೀರ

ಮಲ್ಲಿಗೆಹಳ್ಳಿಯವರೇ, ಎರಡು ತಿಂಗಳ ಹಿಂದೆ ನಾನೂ ಇದನ್ನೇ ಕೇಳಿದ್ದೆ. ಮೊನ್ನೆ ಮೊದಲ ರಾತ್ರಿ ಪಾಳಿ ಮುಗಿಸಿದೆ. ಕಾಲು ಊದಿದೆ, ಬಿಗಿ ಸಾಕ್ಸ್ ತಗೊಂಡೆ. ಬೆಳಗ್ಗೆ ಮನೆಗೆ ಬಂದು ಮಕ್ಕಳನ್ನ ಸ್ಕೂಲಿಗೆ ಕಳಿಸಿ ಮಲಗಿದೆ, ಸಂಜೆ ನಾಲ್ಕಕ್ಕೆ ಎಚ್ಚರ ಆಯಿತು.

ನೋಂದಣಿ ಕೆಲಸ ಮೊದಲು ಮುಗಿಸಿ. ಅಲ್ಲಿಯವರೆಗೆ ಕೂತಿರಬೇಡಿ, ಡ್ರಿಪ್ ಲೆಕ್ಕ ಇವತ್ತೇ ಶುರು ಮಾಡಿ. ಭಾನುವಾರ ನನಗೆ ರಜೆ, ಮಧ್ಯಾಹ್ನ ಮೂರರ ಮೇಲೆ ಫೋನಿನಲ್ಲಿ ಇಬ್ಬರೂ ಕೂತು ಹತ್ತು ಲೆಕ್ಕ ಮಾಡೋಣ. ಮೊದಲನೇದು ಈಗಲೇ ಕೊಡ್ತೀನಿ: ಒಂದು ಲೀಟರ್, ಎಂಟು ಗಂಟೆ, 15 ಹನಿಯ ಸೆಟ್.

ಮಲ್ಲಿಗೆಹಳ್ಳಿ

31?

ತುಂಗಾತೀರ

31. ಭಾನುವಾರ ಸಿಗೋಣ.